ನಡುಗೋಡೆಗೆ ಹೊದಿಸಿದ ಹಲಗೆ

"ಗುರುಗಳೇ, ಕೇಳಿಸಿಕೊಳ್ಳದೆ ಹೂಂ ಎಂದರೆ ಅದು ತಪ್ಪೇ?" ಎಂದು ಶಿಷ್ಯ ಕೇಳಿದ.

ಶಿಷ್ಯನೇ ಬಿಡಿಸಿ ಹೇಳಿದ. ಮಠಕ್ಕೆ ದಿನವೂ ಹತ್ತಿಪ್ಪತ್ತು ಜನ ತಮ್ಮ ಕಷ್ಟ ಹೇಳಿಕೊಳ್ಳಲು ಬರುತ್ತಾರೆ. ಗುರುಗಳಿಗೆ ಮೈಯಲ್ಲಿ ಶಕ್ತಿ ಕುಂದಿದ ಮೇಲೆ, ಅವರನ್ನು ಪಡಸಾಲೆಯಲ್ಲಿ ಕೂರಿಸಿ ಕೇಳುವ ಕೆಲಸ ಅವನ ಪಾಲಿಗೆ ಬಂದಿದೆ. ಮೊದಮೊದಲು ಅವನು ಎಲ್ಲವನ್ನೂ ಕೇಳಿದ. ಮನಸ್ಸು ಕಲಕಿತು, ಜಪ ಕೆಟ್ಟಿತು. ಈಗ ಅವನೊಂದು ದಾರಿ ಕಂಡುಕೊಂಡಿದ್ದಾನೆ. ಅವರು ಹೇಳುತ್ತಿರುವಾಗ ಇವನು ಒಳಗೊಳಗೇ ಜಪ ಮಾಡುತ್ತಾನೆ. ನಡುನಡುವೆ ಹೂಂ ಎನ್ನುತ್ತಾನೆ. ಅವರು ಕಣ್ಣೊರೆಸಿಕೊಂಡು, ಹಗುರಾಗಿ, ಕೈಮುಗಿದು ಹೋಗುತ್ತಾರೆ. ಅವರಿಗೆ ಸಮಾಧಾನ ಸಿಕ್ಕಿತು, ತನ್ನ ಜಪವೂ ಕೆಡಲಿಲ್ಲ. ಇದರಿಂದ ಯಾರಿಗೆ ಏನು ನಷ್ಟ ಎಂಬುದು ಅವನ ಪ್ರಶ್ನೆ.

"ಒಳ್ಳೆಯ ದಾರಿ ಕಂಡುಕೊಂಡಿದ್ದೀ. ನಿನಗಿಂತ ಮುಂಚೆ ಇನ್ನೊಬ್ಬ ಇದೇ ದಾರಿ ಕಂಡುಕೊಂಡಿದ್ದ. ಕೂತುಕೋ" ಎಂದರು ಗುರುಗಳು. ಆಮೇಲೆ ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಹತ್ತಿ ವರ್ತಕನಿದ್ದ. ಅವನಿಗೆ ಒಬ್ಬಳೇ ತಂಗಿ. ಅವಳ ಹೆಸರು ನೀಲಗಂಗವ್ವ. ಮದುವೆಯಾದ ನಾಲ್ಕು ವರ್ಷಕ್ಕೆ ಗಂಡ ತೀರಿಕೊಂಡ, ಮಕ್ಕಳಿಲ್ಲ. ತಂದೆ ಸಾಯುವ ಮುಂಚೆ ಮಗನನ್ನು ಕರೆದು, ಮನೆಯ ಅರ್ಧವನ್ನು ಮಗಳಿಗೆ ಕೊಡಬೇಕು ಎಂದ. ಮಗ ಮರುಮಾತಾಡಲಿಲ್ಲ. ಮನೆಯ ನಡುವೆ ಒಂದು ಗೋಡೆ ಎಬ್ಬಿಸಿ, ಈಚೆ ತಾನಿದ್ದ, ಆಚೆ ತಂಗಿಯನ್ನು ಇಟ್ಟ. ಬೀದಿಗೆ ಎರಡು ಬಾಗಿಲಾದವು. ಅವನ ಹೆಂಡತಿಯೂ ಮುಂಚೆಯೇ ತೀರಿಕೊಂಡಿದ್ದಳು. ಅಡುಗೆಯವಳೊಬ್ಬಳು ಬಂದು, ಹಿತ್ತಲ ಕಡೆಯ ಒಲೆಯಲ್ಲಿ ಬೇಯಿಸಿಟ್ಟು ಹೋಗುತ್ತಿದ್ದಳು. ಹಾಗಾಗಿ ಆ ಗೋಡೆಯ ಈಚೆಗೊಂದು ಜೀವ, ಆಚೆಗೊಂದು ಜೀವ.

ಆ ಊರಿನಲ್ಲಿ ಮನೆಗಳು ಒಂದಕ್ಕೊಂದು ಅಂಟಿಕೊಂಡಿರುತ್ತಿದ್ದವು. ಎರಡು ಮನೆಗೆ ಸೇರಿದ ಗೋಡೆಯನ್ನು ನಡುಗೋಡೆ ಎನ್ನುತ್ತಿದ್ದರು. ನಡುಗೋಡೆಗೆ ಇಬ್ಬರು ಯಜಮಾನರು. ಒಂದು ಮೊಳೆ ಹೊಡೆಯಬೇಕಾದರೂ ಆಚೆ ಮನೆಯವರ ಒಪ್ಪಿಗೆ ಬೇಕು. ಮತ್ತೆ ಆ ಗೋಡೆ ಬರೀ ಗೋಡೆಯೂ ಅಲ್ಲ. ಒಂದು ಸಲ ಬಡಿದರೆ ಉಪ್ಪೋ ಮಜ್ಜಿಗೆಯೋ ಬೇಕು ಎಂದರ್ಥ. ಮೂರು ಸಲ ಬಡಿದರೆ, ಇದ್ದ ಹಾಗೆ ಎದ್ದು ಬಾ ಎಂದರ್ಥ. ಮೂರು ಸಲದ ಬಡಿತ ಕೇಳಿಯೂ ಕೂತವನ ಮನೆಗೆ ಆ ಊರಿನಲ್ಲಿ ಯಾರೂ ಹೆಣ್ಣು ಕೊಡುತ್ತಿರಲಿಲ್ಲ.

ವರ್ತಕ ಕೆಟ್ಟವನಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಕತೆ ಮುಗಿಯುವ ಹೊತ್ತಿಗೆ ನೀನು ಅವನನ್ನು ಬೈಯಲು ಶುರು ಮಾಡುತ್ತೀ. ಒಮ್ಮೆ ತಂಗಿಗೆ ಚೇಳು ಕಡಿದಾಗ ಅವನು ಅರ್ಧ ಸುತ್ತಿದ ರುಮಾಲನ್ನು ನೆಲಕ್ಕೆ ಎಳೆದುಕೊಂಡೇ ಓಡಿಬಂದಿದ್ದ. ಅವಳ ಮನೆಯ ಮಾಡು ಸೋರಿದರೆ ತಾನೇ ಏರಿ ಮಣ್ಣು ಮೆತ್ತುತ್ತಿದ್ದ. ಅವಳೂ ಅವನಿಗೆ ಭಾರವಾಗಿ ಬದುಕಿದವಳಲ್ಲ. ಶ್ಯಾವಿಗೆ ಹೊಸೆದು, ಸಂಡಿಗೆ ಇಟ್ಟು ತನ್ನ ಹೊಟ್ಟೆ ತಾನು ಹೊರೆಯುತ್ತಿದ್ದಳು. ಹಬ್ಬದ ದಿನ ಮೊದಲ ಹೋಳಿಗೆ ಅಣ್ಣನ ತಟ್ಟೆಗೆ ಬರುತ್ತಿತ್ತು.

ಒಂದು ವರ್ಷ ವರ್ತಕ ಬೇರೆ ಊರಿನ ಒಬ್ಬ ಸಾಹುಕಾರನ ಮನೆಗೆ ಹೋದ. ಅಲ್ಲಿ ಅವನು ಒಂದು ಕೋಣೆ ನೋಡಿದ. ಗೋಡೆಯೇ ಕಾಣದಂತೆ ನೆಲದಿಂದ ತೊಲೆಯವರೆಗೆ ತೇಗದ ಹಲಗೆ ಹೊದಿಸಿದ್ದರು. ಹಲಗೆಯ ತುಂಬ ಬಳ್ಳಿ, ಹಂಸ, ತಾವರೆ. ಎಣ್ಣೆ ತಿಕ್ಕಿ ತಿಕ್ಕಿ ಅದು ಹೊಳೆಯುತ್ತಿತ್ತು. ವರ್ತಕನಿಗೆ ಆ ದಿನ ಮಾಡಿದ ಊಟ ಮೈಗೆ ಹತ್ತಲಿಲ್ಲ. ಊರಿಗೆ ಬಂದು ತನ್ನ ಕೋಣೆಯ ಸುಣ್ಣದ ಗೋಡೆ ನೋಡಿದ. ಅದುವರೆಗೆ ಬೆಳ್ಳಗೆ ಕಾಣುತ್ತಿದ್ದ ಗೋಡೆ ಅವತ್ತು ಬೋಳಾಗಿ ಕಂಡಿತು. ಆಸೆ ಎಂಬುದು ಹೀಗೆಯೇ, ಬೇರೆಯವರ ಮನೆಯಲ್ಲಿ ಹುಟ್ಟಿ ನಮ್ಮ ಮನೆಯಲ್ಲಿ ಬೆಳೆಯುತ್ತದೆ.

ಅವನು ಒಬ್ಬ ಬಡಗಿಯನ್ನು ಕರೆಸಿದ. ಬಡಗಿ ಕೆಲಸದಲ್ಲಿ ನಿಪುಣ, ಮಾತಿನಲ್ಲಿ ಜಿಪುಣ. ನಾಲ್ಕೂ ಗೋಡೆ ನೋಡಿ, ಮೂರು ಗೋಡೆಗೆ ಇವತ್ತೇ ಕೈ ಹಚ್ಚುತ್ತೇನೆ, ನಾಲ್ಕನೆಯದು ನಡುಗೋಡೆ, ಆಚೆಯವರ ಮಾತಾಗಬೇಕು ಎಂದ. ವರ್ತಕ ತಂಗಿಯನ್ನು ಕೇಳಿದ. ಅವಳು ಹಿಗ್ಗಿದಳು. ಅಣ್ಣನ ಕೋಣೆ ಚೆಂದವಾದರೆ ತನ್ನದೇ ಮನೆ ಚೆಂದವಾದಂತೆ ಎಂದಳು. ಬಡಗಿ ಕೆಲಸ ಮಾಡಿದ ಎರಡು ತಿಂಗಳೂ ಅವನಿಗೆ ಮಧ್ಯಾಹ್ನದ ರೊಟ್ಟಿ ಅವಳ ಮನೆಯಿಂದಲೇ ಹೋಯಿತು.

ಹಲಗೆಯನ್ನು ಗೋಡೆಗೆ ತಾಗಿಸಿ ಬಡಿದರೆ ಗೋಡೆಯ ತಂಪು ಹಿಡಿದು ಅದು ಸೊಟ್ಟಗಾಗುತ್ತದೆ. ಆದ್ದರಿಂದ ಬಡಗಿ ಮೊದಲು ಗೋಡೆಗೆ ಅಡ್ಡಪಟ್ಟಿ ಬಡಿದು, ಅದರ ಮೇಲೆ ಹಲಗೆ ಕೂರಿಸಿದ. ನಡುವೆ ನಾಲ್ಕು ಬೆರಳಿನಷ್ಟು ಜಾಗ ಉಳಿಯಿತು. ಬಡಗಿ ಅದನ್ನು ಖಾಲಿ ಬಿಡಬೇಕೆಂದಿದ್ದ. ವರ್ತಕ ಒಂದು ಹಲಗೆಯನ್ನು ಕೈಯಿಂದ ತಟ್ಟಿ ನೋಡಿದ. ಒಳಗೆ ಟೊಳ್ಳಿದ್ದುದರಿಂದ ದಬ್ ಎಂದಿತು. ಅವನಿಗೆ ಅದು ಹಿಡಿಸಲಿಲ್ಲ. ಬಂದವರು ಮುಟ್ಟಿ ನೋಡುತ್ತಾರೆ, ಟೊಳ್ಳು ಎನಿಸಬಾರದು ಎಂದ. ತನ್ನ ಮಳಿಗೆಯಿಂದ ಮಾರಾಟಕ್ಕೆ ಬಾರದ ಕಸರು ಹತ್ತಿ ತರಿಸಿ ಆ ಸಂದನ್ನೆಲ್ಲ ಒತ್ತಿ ಒತ್ತಿ ತುಂಬಿಸಿದ. ಈಗ ತಟ್ಟಿದರೆ ಹಲಗೆ ಬಂಡೆಯ ಹಾಗಿತ್ತು.

ಕೆಲಸ ಮುಗಿಯಿತು. ಆದರೆ ಬಡಗಿ ತಾಂಬೂಲ ತೆಗೆದುಕೊಳ್ಳಲಿಲ್ಲ. ಆ ಊರಿನ ಕಸುಬುದಾರರಲ್ಲಿ ಒಂದು ಕಟ್ಟಳೆಯಿತ್ತು. ನಡುಗೋಡೆಯ ಕೆಲಸ ಯಾವುದೇ ಇರಲಿ, ಮುಗಿದ ಮೇಲೆ ಆಚೆಯವರು ಮೂರು ಸಲ ಬಡಿಯಬೇಕು. ಈಚೆಯವರು ಕೇಳಿಸಿತು ಎನ್ನಬೇಕು. ಕೇಳಿಸಲಿಲ್ಲ ಎಂದರೆ ಮಾಡಿದ ಕೆಲಸವನ್ನು ಕಿತ್ತು ಮತ್ತೆ ಮಾಡಬೇಕು. ಕೇಳಿಸಿತು ಎಂದ ಮೇಲೆಯೇ ಕಸುಬುದಾರನಿಗೆ ತಾಂಬೂಲ. ತಾಂಬೂಲ ಕೊಟ್ಟರೆಂದರೆ ಕೆಲಸಕ್ಕೆ ಎರಡೂ ಮನೆ ಒಪ್ಪಿದಂತೆ.

ಬಡಗಿ ಆಚೆ ಮನೆಗೆ ಹೋಗಿ ನೀಲಗಂಗವ್ವನ ಪಕ್ಕ ನಿಂತ. ಅವಳು ಕೈಗೆ ಸಿಕ್ಕ ಲಟ್ಟಣಿಗೆಯಿಂದ ಗೋಡೆಗೆ ಮೂರು ಸಲ ಬಡಿದಳು. ವರ್ತಕ ಈಚೆ ಕೋಣೆಯಲ್ಲಿ ಒಬ್ಬನೇ ನಿಂತಿದ್ದ. ಹೊಸ ತೇಗದ ವಾಸನೆ, ನಾಲ್ಕೂ ಕಡೆ ಹೊಳಪು. ಅವನು ಕಾದ. ಏನೂ ಕೇಳಿಸಲಿಲ್ಲ. ಆಗ ಇನ್ನೊಂದು ವಿಷಯ ಅವನ ಗಮನಕ್ಕೆ ಬಂತು. ಗೋಡೆಯ ಬಡಿತ ಮಾತ್ರವಲ್ಲ, ತಂಗಿಯ ಒರಳಿನ ಸದ್ದಿಲ್ಲ, ಅವಳ ಕೆಮ್ಮಿಲ್ಲ. ಇಪ್ಪತ್ತು ವರ್ಷಗಳಲ್ಲಿ ಮೊದಲ ಸಲ ಅವನ ಕೋಣೆ ನಿಶ್ಶಬ್ದವಾಗಿತ್ತು. ಇದನ್ನು ಅವನು ಬೇಡಿರಲಿಲ್ಲ. ಬೇಡದೆ ಬಂದದ್ದರ ರುಚಿಯೇ ಹೆಚ್ಚು.

ಅವನು ಬೀದಿಗೆ ಬಂದ. ತಂಗಿ ತನ್ನ ಬಾಗಿಲಲ್ಲಿ ಲಟ್ಟಣಿಗೆ ಹಿಡಿದೇ ನಿಂತಿದ್ದಳು, ಬಡಗಿ ಅವಳ ಹಿಂದಿದ್ದ.

"ಅಣ್ಣಾ, ಮೂರು ಸಲ ಬಡದೆ. ಕೇಳಿಸ್ತೇನು?"

ಕೇಳಿಸಲಿಲ್ಲ ಎಂದು ಹೇಳಲು ಅವನು ಬಾಯಿ ತೆರೆದಿದ್ದ. ಹಾಗೆಂದರೆ ಹಲಗೆ ಕೀಳಬೇಕು. ಬರುವ ಸೋಮವಾರ ಪೇಟೆಯ ವರ್ತಕರೆಲ್ಲ ಕೋಣೆ ನೋಡಲು ಬರುವವರಿದ್ದರು. ಮತ್ತೆ, ಅವಳು ಬಡಿದದ್ದಂತೂ ನಿಜ, ಬಡಿದಳೆಂದು ತನಗೆ ಗೊತ್ತೂ ಇದೆ, ಗೊತ್ತಿರುವುದಕ್ಕೂ ಕೇಳಿಸುವುದಕ್ಕೂ ಎಷ್ಟು ದೂರ ಎಂದು ಮನಸ್ಸು ವಾದ ಮಾಡಿತು. ದಿನವೂ ತಾನೇ ಹೋಗಿ ಅವಳನ್ನು ವಿಚಾರಿಸಿಕೊಂಡರಾಯಿತು ಎಂದುಕೊಂಡ.

"ಕೇಳಿಸ್ತವಾ" ಎಂದ.

ಬಡಗಿ ತಾಂಬೂಲ ತೆಗೆದುಕೊಂಡ. ನೀಲಗಂಗವ್ವ ನಿಶ್ಚಿಂತೆಯಿಂದ ಒಳಗೆ ಹೋದಳು.

ತನಗೆ ತಾನೇ ಕೊಟ್ಟುಕೊಂಡ ಮಾತಿನಂತೆ ವರ್ತಕ ಎಂಟು ದಿನ ಬೆಳಿಗ್ಗೆ ಎದ್ದವನೇ ತಂಗಿಯ ಬಾಗಿಲಿಗೆ ಹೋದ. ಒಂಬತ್ತನೆಯ ದಿನ ಹತ್ತಿಯ ಗಾಡಿಗಳು ಬಂದವು, ಹೋಗಲಿಲ್ಲ. ಹತ್ತನೆಯ ದಿನ ಮರೆತ. ಆಮೇಲೆ, ಏನಾದರೂ ಬೇಕಾದರೆ ಬಂದು ಹೇಳುತ್ತಾಳೆ ಬಿಡು ಎಂದುಕೊಂಡ. ಅವಳು ಯಾಕೆ ಬಂದು ಹೇಳಬೇಕು? ಅವಳಿಗೆ ಗೋಡೆಯಿತ್ತು. ನಡುವೆ ಎರಡು ಮೂರು ಸಲ ಅವಳು ಒಂದೊಂದೇ ಬಡಿತ ಬಡಿದು ಮಜ್ಜಿಗೆಗೆ ಕಾದದ್ದುಂಟು. ಬರದಿದ್ದಾಗ, ಅಣ್ಣನಿಗೆ ಕೆಲಸವಿರಬೇಕು ಎಂದು ಸುಮ್ಮನಾದಳು. ಮಜ್ಜಿಗೆ ಏನು ದೊಡ್ಡದು!

ಆ ವರ್ಷ ಮಳೆಗಾಲ ಮುಗಿಯುವಾಗ ಊರಿನಲ್ಲಿ ಒಂದು ಚಳಿಜ್ವರ ಎದ್ದಿತು. ಎರಡು ಓಣಿ ಆಚೆ ಒಬ್ಬ ವೈದ್ಯನಿದ್ದ. ಅವನು ಕಷಾಯ ಕೊಟ್ಟು, ಕುಡಿದವರನ್ನೆಲ್ಲ ಬದುಕಿಸುತ್ತಿದ್ದ. ಒಂದೇ ಮಾತು, ಮೊದಲ ಎರಡು ದಿನದೊಳಗೆ ಕುಡಿಸಬೇಕು. ಇದು ಊರಿಗೆಲ್ಲ ಗೊತ್ತಿತ್ತು, ವರ್ತಕನಿಗೂ ಗೊತ್ತಿತ್ತು.

ನೀಲಗಂಗವ್ವನಿಗೆ ಒಂದು ಮುಂಜಾನೆ ಚಳಿ ಹತ್ತಿತು. ಹೊತ್ತೇರುವಷ್ಟರಲ್ಲಿ ಎದ್ದು ನಿಲ್ಲಲಾಗಲಿಲ್ಲ. ಹಾಸಿಗೆಯನ್ನು ನಡುಗೋಡೆಯ ಹತ್ತಿರ ಎಳೆದುಕೊಂಡು ಮಲಗಿ, ಲಟ್ಟಣಿಗೆಯಿಂದ ಮೂರು ಸಲ ಬಡಿದಳು. ಕಾದಳು. ಮತ್ತೆ ಬಡಿದಳು.

ಅವಳ ಬಾಗಿಲಿಗೆ ದಿನವೂ ದೇವರ ಪೂಜೆಗೆ ಹೂ ಕೊಡಲು ಬರುವ ಒಬ್ಬ ಮುದುಕಿಯಿದ್ದಳು. ಮರುದಿನ ಮುದುಕಿ ಬಂದು, ಬಾಗಿಲು ದೂಡಿ ನೋಡಿದರೆ ಈ ಸ್ಥಿತಿ. ಹಣೆ ಮುಟ್ಟಿ ಗಾಬರಿಯಾದಳು.

"ವೈದ್ಯರ ಮನಿ ಎರಡ ಓಣಿ ಆಚೆ ಐತಿ. ನಾ ಹೋಗಿ ಕರಕೊಂಡ ಬರಲೇನವ್ವಾ?"

"ಬ್ಯಾಡ. ಅಣ್ಣಗ ಗ್ವಾಡಿ ಬಡದೀನಿ. ಅವಗ ಕೇಳಿಸೇತಿ, ಬರ್ತಾನ."

ಅಣ್ಣ ಬರುವ ಮುಂಚೆ ಬೇರೆಯವರ ಕೈಯಲ್ಲಿ ವೈದ್ಯನನ್ನು ಕರೆಸಿದರೆ ಅವನು ನೊಂದುಕೊಳ್ಳುತ್ತಾನೆ ಎಂದೂ ಅವಳು ಹೇಳಿದಳು. ಮುದುಕಿ ಅವಳ ಬಾಯಿಗೆ ಎರಡು ಗುಟುಕು ನೀರು ಹಾಕಿ ಹೋದಳು.

ಮೂರನೆಯ ದಿನ ಮುದುಕಿ ಮತ್ತೆ ಬಂದಳು. ಅಣ್ಣ ಬಂದಿರಲಿಲ್ಲ. ಮುದುಕಿಗೆ ಸಿಟ್ಟು ಬಂತು. ನಾನೇ ಹೋಗಿ ನಿಮ್ಮಣ್ಣನಿಗೆ ಹೇಳುತ್ತೇನೆ ಎಂದಳು. ನೀಲಗಂಗವ್ವ ತಲೆಯಲ್ಲಾಡಿಸಿದಳು. ಅವನಿಗೆ ಕೇಳಿಸುತ್ತದೆ, ಅವನೇ ಹೇಳಿದ್ದಾನೆ, ಕೆಲಸ ಬಹಳವಿರಬೇಕು, ಮುಗಿಸಿಕೊಂಡು ಬರುತ್ತಾನೆ ಎಂದು ತಡೆತಡೆದು ಹೇಳಿದಳು. ಮೂರು ಸಲದ ಬಡಿತವನ್ನು ಎರಡು ದಿನ ಕೇಳಿಯೂ ಏಳದವನ ಬಾಗಿಲಿಗೆ ನಾನು ಹೋಗಿ ಏನು ಹೇಳಲಿ ಎಂದು ಮುದುಕಿಗೂ ಅನ್ನಿಸಿತು. ಒಡಹುಟ್ಟಿದವರ ನಡುವೆ ಹೂವಿನವಳಿಗೆ ಏನು ಕೆಲಸ ಎಂದು ಬುಟ್ಟಿ ಎತ್ತಿಕೊಂಡು ಹೋದಳು.

ಅದೇ ದಿನ ವರ್ತಕನ ಕೋಣೆಯಲ್ಲಿ ನಾಲ್ಕು ಜನ ಅತಿಥಿಗಳಿದ್ದರು. ಅವರು ಕೆತ್ತನೆಯನ್ನು ಹೊಗಳಿದರು. ವರ್ತಕ ಎದ್ದು ಹೋಗಿ ನಡುಗೋಡೆಯ ಹಲಗೆಯ ಮೇಲೆ ಬೆರಳ ಗಿಣ್ಣಿನಿಂದ ಬಡಿದು, ನೋಡಿ, ಎಲ್ಲಿಯೂ ಟೊಳ್ಳಿಲ್ಲ ಎಂದು ತೋರಿಸಿದ. ಅವನು ಬಡಿದ ಜಾಗದ ಆಚೆಗೆ, ಒಂದು ಮೊಳ ದೂರದಲ್ಲಿ, ಅವಳೂ ಬಡಿಯುತ್ತಿದ್ದಳು.

ನಾಲ್ಕನೆಯ ದಿನ ಮುದುಕಿ ವರ್ತಕನ ಬಾಗಿಲಿಗೆ ಬಂದಳು. ಒಳಗೆ ಬರಲಿಲ್ಲ. ಬೀದಿಯಲ್ಲಿಯೇ ನಿಂತು, ನಿಮ್ಮ ತಂಗಿ ಹೋದಳು, ಇನ್ನಾದರೂ ಎದ್ದು ಬನ್ನಿ ಎಂದಳು.

ವರ್ತಕ ಓಡಿದ. ಅವತ್ತೂ ರುಮಾಲು ಸುತ್ತಿರಲಿಲ್ಲ. ತಂಗಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಅವಳ ತಲೆಯ ಹತ್ತಿರ ಗೋಡೆಯ ಗಾರೆ ಕಿತ್ತು ಒಂದು ಬಟ್ಟಲಿನಷ್ಟು ಗುಣಿ ಬಿದ್ದಿತ್ತು. ಉದುರಿದ ಸುಣ್ಣ ಅವಳ ಕೂದಲ ಮೇಲೆ, ದಿಂಬಿನ ಮೇಲೆ ಇತ್ತು. ಅವನು ಅವಳ ಕೂದಲಿನಿಂದ ಸುಣ್ಣ ಕೊಡವುತ್ತ ಕೂತುಬಿಟ್ಟ. ಅವನನ್ನು ಎಬ್ಬಿಸಲು ಮೂವರು ಬೇಕಾಯಿತು.

ಓಣಿಯ ಜನಕ್ಕೆ ಆಮೇಲೆ ಹಲಗೆಯ ವಿಷಯ ತಿಳಿಯಿತು. ಒಳಗೆ ಹತ್ತಿ ತುಂಬಿದೆ, ಹೊಸದರಲ್ಲಿ ಕೇಳಿಸಿದ್ದು ಆಮೇಲೆ ನಿಂತುಹೋಗಿರಬೇಕು, ಪಾಪ, ಅವನಿಗೆ ಕೇಳಿಸಿಯೇ ಇಲ್ಲ ಎಂದು ಮಾತಾಡಿಕೊಂಡರು. ಬಂದವರೆಲ್ಲ ಅವನ ಭುಜ ಮುಟ್ಟಿ ಸಮಾಧಾನ ಹೇಳಿದರು. ಕೇಳಿಸದ್ದಕ್ಕೆ ನೀನೇನು ಮಾಡುತ್ತೀ, ಅವಳ ಋಣ ಅಷ್ಟೇ ಇತ್ತು ಎಂದರು. ಹೂವಿನ ಮುದುಕಿಯೂ ಕಣ್ಣೀರು ಹಾಕಿ, ನಿಮ್ಮನ್ನು ಬೈದುಕೊಂಡೆ, ತಪ್ಪಾಯಿತು ಎಂದಳು. ತಂಗಿ ಆಡಿದ ಮಾತುಗಳನ್ನು ಒಂದೂ ಬಿಡದೆ ಹೇಳಿದಳು. ವರ್ತಕ ಎಲ್ಲರಿಗೂ ತಲೆಯಾಡಿಸಿದ. ಊರೆಲ್ಲ ಸೇರಿ ಅವನನ್ನು ಕ್ಷಮಿಸುತ್ತಿತ್ತು, ಅವನು ಮಾಡದ ತಪ್ಪಿಗೆ. ಮಾಡಿದ್ದು ಯಾವುದೆಂದು ಅವನಿಗೆ ಗೊತ್ತಿತ್ತು. ಗೋಡೆ ಕಿವುಡಾದದ್ದರಿಂದ ನೀಲಗಂಗವ್ವ ಸಾಯಲಿಲ್ಲ. ಗೋಡೆ ಕಿವುಡೆಂದು ತಿಳಿದಿದ್ದರೆ ಅವಳು ತೆವಳಿಕೊಂಡಾದರೂ ಬಾಗಿಲಿಗೆ ಹೋಗಿ ಕೂಗುತ್ತಿದ್ದಳು. ಹೂವಿನವಳು ಕೇಳಿದಾಗ ಹೂಂ, ವೈದ್ಯರನ್ನು ಕರೆ ಎನ್ನುತ್ತಿದ್ದಳು. ಅವಳಿಗೆ ದಾರಿಗಳು ಬೇಕಾದಷ್ಟಿದ್ದವು. ಒಂದು ಮಾತು ಅವೆಲ್ಲವನ್ನೂ ಮುಚ್ಚಿತ್ತು.

ಇದು ಗೊತ್ತಿದ್ದವನು ಊರಿನಲ್ಲಿ ಇನ್ನೊಬ್ಬನಿದ್ದ. ಹನ್ನೊಂದನೆಯ ದಿನ ಬಡಗಿ ಬಂದ. ಎರಡು ವೀಳ್ಯದೆಲೆ, ಒಂದು ಅಡಿಕೆ ತಂದು ವರ್ತಕನ ಹೊಸ್ತಿಲ ಮೇಲಿಟ್ಟ. ಕಸುಬುದಾರ ತಾಂಬೂಲ ಹಿಂದಿರುಗಿಸಿದನೆಂದರೆ, ಆ ಕೆಲಸ ತನ್ನದಲ್ಲ ಎಂದು ಬಿಟ್ಟುಕೊಟ್ಟಂತೆ. ಅವನ ತಂದೆಯ ಕಾಲದಿಂದ ಆ ಊರಿನಲ್ಲಿ ಯಾರೂ ತಾಂಬೂಲ ಹಿಂದಿರುಗಿಸಿರಲಿಲ್ಲ.

ವರ್ತಕ ಅವನ ಕೈ ಹಿಡಿದುಕೊಂಡು, ಹಲಗೆಗಳನ್ನೆಲ್ಲ ಕಿತ್ತುಹಾಕು, ಇವತ್ತೇ ಕಿತ್ತುಹಾಕು ಎಂದು ಬೇಡಿಕೊಂಡ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕುವುದು ಎನ್ನುತ್ತಾರಲ್ಲ, ಅದು.

ಬಡಗಿ ಕೈ ಬಿಡಿಸಿಕೊಂಡ. "ಅವತ್ತ ನಾ ಆಕಿ ಬಾಜೂಕ ನಿಂತಿದ್ದೆ, ಸಾವಕಾರ್ರ. ಈಗ ಹಲಗಿ ತಗದ ಏನ ಕೇಳಾವ್ರದೀರಿ?"

ಅವನು ಹೋದ ಮೇಲೆ ವರ್ತಕ ತಾನೇ ಹಾರೆ ತಂದು ಒಂದು ಹಲಗೆ ಮೀಟಿದ. ಹತ್ತಿ ಉಂಡೆ ಉಂಡೆಯಾಗಿ ಕಾಲ ಮೇಲೆ ಬಿತ್ತು. ಅದನ್ನು ಎರಡೂ ಕೈಯಿಂದ ಬಾಚಿ ಬಾಚಿ ತೆಗೆದು, ಬೋಳು ಗೋಡೆಗೆ ಕಿವಿಯಿಟ್ಟ. ಎಷ್ಟೋ ಹೊತ್ತು ಹಾಗೆಯೇ ಇದ್ದ. ಅಲ್ಲಿಂದ ಮುಂದೆ ದಿನವೂ ಹೊತ್ತು ಮುಳುಗುವಾಗ ಅವನು ಆ ಗೋಡೆಗೆ ಕಿವಿಯಿಟ್ಟು ನಿಲ್ಲುವುದನ್ನು ಅಡುಗೆಯವಳು ನೋಡಿದಳು. ಹನ್ನೆರಡು ವರ್ಷ ನೋಡಿದಳು. ಆಮೇಲೆ ಅವನೂ ಸತ್ತ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ, ಆ ವರ್ತಕ ಒಂದೇ ಒಂದು ಸಲ ನಿಜ ಹೇಳಿದ್ದರೆ ಸಾಕಿತ್ತು, ಎಂಥ ಮನುಷ್ಯ ಎಂದ.

"ಅವನು ಇರಲಿ. ಇವತ್ತು ಮುಂಜಾನೆ ನಿನ್ನ ಮುಂದೆ ಕೂತು ಅತ್ತು, ಸಮಾಧಾನವಾಗಿ ಎದ್ದು ಹೋದಳಲ್ಲ, ಆ ಹೆಣ್ಣುಮಗಳು ಏನು ಹೇಳಿದಳು?" ಎಂದರು ಗುರುಗಳು.